ಹಬ್ಬ ದಾಟುವ ಪಥ್ಯ

ಈಚಿನ ಮದುವೆಮನೆಗಳಲ್ಲಿ ಬಡಿಸುವವರ ಪಾಡು ಯಾರಿಗೂ ಬೇಡ. ಅನ್ನ ಹಿಡಿದು ಬಂದವನಿಗೆ ಮೊದಲನೆಯವರು ಎರಡೂ ಕೈ ಎಲೆಗೆ ಅಡ್ಡ ಹಿಡಿದು, ‘ನಂಗೆ ಬೇಡಪ್ಪ, ನಾನು ಕೀಟೊ’ ಎನ್ನುತ್ತಾರೆ. ಅದು ಅವರ ಹೆಸರಿರಬೇಕೆಂದುಕೊಂಡು ಅವನು ಮುಂದಕ್ಕೆ ಹೋಗುತ್ತಾನೆ. ಎರಡನೆಯವರು ಅನ್ನ ಹಾಕಿಸಿಕೊಂಡು ಹೋಳಿಗೆಗೆ ಕೈ ಅಡ್ಡ ಹಿಡಿಯುತ್ತಾರೆ. ಮೂರನೆಯವರಿಗೆ ಹೋಳಿಗೆ ಬೇಕು, ತುಪ್ಪ ಬೇಡ. ನಾಲ್ಕನೆಯವರಿಗೆ ತುಪ್ಪ ಎಷ್ಟಾದರೂ ಸರಿ, ಹೋಳಿಗೆ ಮಾತ್ರ ಬೇಡ. ಐದನೆಯವರು ಪಂಕ್ತಿಗೇ ಕೂತಿಲ್ಲ. ಕಂಬಕ್ಕೆ ಒರಗಿ ಗಡಿಯಾರ ನೋಡುತ್ತಿದ್ದಾರೆ. ಒಂದು ಗಂಟೆ ಹೊಡೆಯುವ ತನಕ ಅವರು ಬಾಯಿಗೆ ನೀರು ಬಿಟ್ಟು ಬೇರೇನೂ ಹಾಕುವಂತಿಲ್ಲ. ಈ ಐವರೂ ಆಮೇಲೆ ಐಸ್‌ಕ್ರೀಮ್ ಕೊಡುವಲ್ಲಿ ಒಟ್ಟಿಗೆ ಸಿಕ್ಕಿ ಒಬ್ಬರನ್ನೊಬ್ಬರು ಕುಶಲ ವಿಚಾರಿಸುತ್ತಾರೆ.

ನಮ್ಮ ಬಳಗದಲ್ಲೂ ಇಂಥವರಿದ್ದಾರೆ. ನಾದಿನಿ ಜಿ.ಎಂ. ಡಯಟ್ ಹಿಡಿದಿದ್ದಳು: ಒಂದು ದಿನ ಬರೀ ಹಣ್ಣು, ಮರುದಿನ ಬರೀ ತರಕಾರಿ, ನಾಲ್ಕನೆಯ ದಿನ ಬಾಳೆಹಣ್ಣು, ಹಾಲು. ಆ ನಾಲ್ಕನೆಯ ದಿನ ಅವಳನ್ನು ಮಾತನಾಡಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಓರಗಿತ್ತಿ ಕಾಫಿಗೆ ಬೆಣ್ಣೆ ಹಾಕಿಕೊಂಡು ಕುಡಿದಳು. ಭಾವನವರು ಸಂಜೆ ಏಳರಿಂದ ಮರುದಿನ ಹನ್ನೊಂದರ ತನಕ ಉಪವಾಸ ಇದ್ದು, ಹನ್ನೊಂದು ಗಂಟೆ ಒಂದು ನಿಮಿಷಕ್ಕೆ ತಿಂಡಿ ಊಟ ಎರಡನ್ನೂ ಒಟ್ಟಿಗೆ ಮುಗಿಸುತ್ತಿದ್ದರು. ಎದುರು ಮನೆಯ ಮೇಷ್ಟ್ರು ಅಕ್ಕಿಗೆ ಬಹಿಷ್ಕಾರ ಹಾಕಿ ನವಣೆ, ಸಾಮೆ, ಹಾರಕ ಹಿಡಿದರು. ಒಂದು ಮಾತು ಒಪ್ಪಬೇಕು: ಇವರಲ್ಲಿ ತೂಕ ಇಳಿಯದವರು ಯಾರೂ ಇರಲಿಲ್ಲ. ಎಲ್ಲರೂ ಇಳಿದರು. ರವಿಕೆ ಹಿಡಿಸಿಕೊಂಡರು, ಬೆಲ್ಟಿಗೆ ಹೊಸ ತೂತು ಹಾಕಿಸಿದರು, ಫೋಟೋ ತೆಗೆಸಿಕೊಂಡರು. ಆಮೇಲೆ ಶ್ರಾವಣ ಬಂತು. ಅದರ ಹಿಂದೆಯೇ ಗೌರಿ ಬಂದಳು, ಅವಳ ಹಿಂದೆ ಗಣಪತಿ ಬಂದ, ಆಮೇಲೆ ಪಕ್ಷ, ದಸರಾ, ದೀಪಾವಳಿ. ಕಾರ್ತಿಕ ಮುಗಿಯುವ ಹೊತ್ತಿಗೆ ರವಿಕೆ ಮತ್ತೆ ದರ್ಜಿಯ ಬಳಿಗೆ ಹೋಗಿತ್ತು.

ಪಥ್ಯವನ್ನು ತಿನ್ನುವವರು ಒಂದು ಬಗೆಯಲ್ಲಿ ನೋಡುತ್ತಾರೆ, ಒಲೆಯ ಮುಂದೆ ನಿಂತವರು ಇನ್ನೊಂದು ಬಗೆಯಲ್ಲಿ. ನಾನು ಒಲೆಯ ಕಡೆಯವಳು. ಯಾರ ತಲೆಗೆ ಯಾವ ಪಥ್ಯ ಹೊಕ್ಕರೂ ಅದರ ಅಡುಗೆ ನನ್ನ ಪಾಲಿಗೆ ಬರುತ್ತದೆ. ಹಾಗಾಗಿ ನನ್ನ ಪ್ರಶ್ನೆ ಎಂದೂ ‘ತಿಂಗಳಿಗೆ ಎಷ್ಟು ಕೆ.ಜಿ.?’ ಎಂಬುದಲ್ಲ. ‘ಎಷ್ಟು ವರ್ಷ?’ ಎಂಬುದು. ಈ ಪ್ರಶ್ನೆ ಕೇಳಿದರೆ ಪಥ್ಯ ತಂದವರ ಮುಖ ಸ್ವಲ್ಪ ಪೆಚ್ಚಾಗುತ್ತದೆ.

ಈ ಸಡಗರ ನಮ್ಮ ಕಾಲದ್ದೇನೂ ಅಲ್ಲ. ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬಾತನಿದ್ದ. ಶ್ರೀಮಂತರ ಶವಸಂಸ್ಕಾರದ ಏರ್ಪಾಡು ಮಾಡಿಕೊಡುವುದು ಅವನ ಮನೆತನದ ಕಸುಬು. ಅರವತ್ತು ದಾಟಿದ ಮೇಲೆ ಆಸಾಮಿ 202 ಪೌಂಡ್, ಅಂದರೆ ಸುಮಾರು 92 ಕೆ.ಜಿ. ತೂಗುತ್ತಿದ್ದ, ಎತ್ತರ ಐದಡಿ ಐದಂಗುಲ. ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲಾಗದು. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದ. ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ವೈದ್ಯನ ಬಳಿಗೆ ಹೋದರೆ, ಆತ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಎಲ್ಲ ಬಿಡಿಸಿಬಿಟ್ಟ. ವರ್ಷದಲ್ಲಿ 46 ಪೌಂಡ್ ಇಳಿಯಿತು. ಬ್ಯಾಂಟಿಂಗ್ ಹಿಗ್ಗಿ ಹೀರೇಕಾಯಾಗಿ, 1863ರಲ್ಲಿ ತನ್ನ ಕಥೆಯನ್ನು ಪುಟ್ಟ ಪುಸ್ತಕ ಮಾಡಿಸಿ ಪುಕ್ಕಟೆ ಹಂಚಿದ. 1878ರವರೆಗೆ ಬದುಕಿ 81ನೆಯ ವಯಸ್ಸಿನಲ್ಲಿ ತೀರಿಕೊಂಡ. ಇವನು ಬಿಟ್ಟ ಪದಾರ್ಥಗಳ ಪಟ್ಟಿಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣು ಹೋದದ್ದು ಅವನು ಬಿಡದೆ ಇಟ್ಟುಕೊಂಡ ಪಟ್ಟಿಯ ಮೇಲೆ: ಮೀನು, ಮಾಂಸ, ಮಧ್ಯಾಹ್ನದ ಊಟದ ಜೊತೆ ಎರಡು ಮೂರು ಲೋಟ ಒಳ್ಳೆಯ ದ್ರಾಕ್ಷಾರಸ. ನಾಲಗೆಗೆ ಹಿಡಿಸುವಂಥದ್ದೂ ಪಟ್ಟಿಯೊಳಗೇ ಇತ್ತು. ಆದ್ದರಿಂದಲೇ ಅವನೂ ಪಟ್ಟಿಯೊಳಗೆ ಉಳಿದ ಎಂದು ನನ್ನ ಗುಮಾನಿ.

ಆಮೇಲೆ ಅಮೆರಿಕದಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ 1918ರಲ್ಲಿ ಪುಸ್ತಕ ಬರೆದು ಕ್ಯಾಲೊರಿ ಎಣಿಸುವುದನ್ನು ಮನೆಮನೆಗೆ ಮುಟ್ಟಿಸಿದರು. ಒಂದು ತುಂಡು ಬ್ರೆಡ್ ಎನ್ನುವ ಬದಲು ನೂರು ಕ್ಯಾಲೊರಿ ಬ್ರೆಡ್ ಎಂದು ಯೋಚಿಸುವುದನ್ನು ಕಲಿಯಬೇಕೆಂಬುದು ಆಕೆಯ ಉಪದೇಶ. ಇಳಿಸಬೇಕಾದವರಿಗೆ ದಿನಕ್ಕೆ 1,200 ಕ್ಯಾಲೊರಿ ಗೊತ್ತು ಮಾಡಿದರು. ಇಳಿದ ಮೇಲೆ ಬಿಟ್ಟುಬಿಡುವ ಹಾಗಿಲ್ಲ, ಇದು ಇದ್ದಷ್ಟು ದಿನವೂ ಮಾಡಬೇಕಾದ ಕೆಲಸ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಮಾತು ನೂರಕ್ಕೆ ನೂರು ನಿಜ. ಆದರೆ ನಮ್ಮ ಅಡುಗೆಮನೆಯಲ್ಲಿ ಎಣಿಸುವುದಾದರೂ ಹೇಗೆ? ಬೇಳೆ ಒಂದು ಪಾವು, ಹುಣಸೆ ನಿಂಬೆಗಾತ್ರ, ಕಾಯಿ ಅರ್ಧ ಹೋಳು, ಬೆಲ್ಲ ಒಂದು ಚೂರು, ಎಣ್ಣೆ ‘ಒಗ್ಗರಣೆಗೆ ಬೇಕಾದಷ್ಟು’. ಇಷ್ಟೆಲ್ಲ ಬೆರೆತು ಕುದಿದು ಹುಳಿಯಾದ ಮೇಲೆ, ಅದರಲ್ಲಿ ಒಂದು ಸೌಟು ಮೇಲಿನಿಂದ ಬಂದರೆ ತಿಳಿ, ತಳದಿಂದ ಬಂದರೆ ಬೇಳೆ. ಮಗ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದಾನೆ. ಅದು ‘ಸಾಂಬಾರ್, ಒಂದು ಕಪ್’ ಎಂದು ಎಲ್ಲರ ಮನೆಯ ಹುಳಿಗೂ ಒಂದೇ ಅಂಕೆ ತೋರಿಸುತ್ತದೆ. ನಮ್ಮ ಅತ್ತೆಯ ಹುಳಿಗೂ ನಮ್ಮಮ್ಮನ ಹುಳಿಗೂ ಒಂದೇ ಅಂಕೆ ಎಂದರೆ ಎರಡು ಮನೆಯವರೂ ಜಗಳಕ್ಕೆ ಬರುತ್ತಾರೆ.

ಹಾಗಾದರೆ ಇಷ್ಟೊಂದು ಪಥ್ಯಗಳಲ್ಲಿ ಗೆದ್ದದ್ದು ಯಾವುದು? ಇದನ್ನು ತಿಳಿದವರು ಪಂದ್ಯ ಕಟ್ಟಿಯೇ ನೋಡಿದ್ದಾರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟಫರ್ ಗಾರ್ಡ್ನರ್ ಮತ್ತು ಸಂಗಡಿಗರು 609 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಕೊಬ್ಬು ಕಡಿಮೆ ಮಾಡಿಸಿದರು, ಇನ್ನೊಂದಕ್ಕೆ ಪಿಷ್ಟ ಕಡಿಮೆ ಮಾಡಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಇಷ್ಟು: ವರ್ಷದ ಕೊನೆಗೆ ಮೊದಲಿನವರು ಸರಾಸರಿ 5.3 ಕೆ.ಜಿ., ಎರಡನೆಯವರು 6 ಕೆ.ಜಿ. ಇಳಿದಿದ್ದರು. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವೇ ಅಲ್ಲ. ಎರಡೂ ಪಾಲಿನಲ್ಲಿ ಇಪ್ಪತ್ತು ಕೆ.ಜಿ.ಗೂ ಹೆಚ್ಚು ಇಳಿದವರಿದ್ದರು, ಇಳಿಯುವ ಬದಲು ಏರಿದವರೂ ಇದ್ದರು. ನಮ್ಮ ಭಾವನವರ ಗಡಿಯಾರದ ಉಪವಾಸವನ್ನೂ ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ವರ್ಷಪೂರ್ತಿ ಒರೆಗೆ ಹಚ್ಚಿ, 2022ರಲ್ಲಿ ತೀರ್ಪು ಹೇಳಿದರು: ಎಂಟು ಗಂಟೆಯೊಳಗೆ ತಿಂದರೂ ದಿನವಿಡೀ ಹಂಚಿ ತಿಂದರೂ, ಒಟ್ಟು ತಿಂದದ್ದು ಅಷ್ಟೇ ಆದರೆ ಹೇಳಿಕೊಳ್ಳುವಂಥ ಅಂತರವಿಲ್ಲ. ಇವಕ್ಕೂ ಮೊದಲು, 2005ರಲ್ಲಿ, ಬಾಸ್ಟನ್ನಿನ ವೈದ್ಯರು ಹೆಸರುವಾಸಿಯಾದ ನಾಲ್ಕು ಪಥ್ಯಗಳನ್ನು 160 ಜನರಿಗೆ ಹಂಚಿ ನೋಡಿದ್ದರು. ಯಾರು ಬಿಡದೆ ಹಿಡಿದುಕೊಂಡರೋ ಅವರು ಇಳಿದರು. ಹಿಡಿದದ್ದು ಯಾವ ಪಥ್ಯ ಎಂಬುದು ದೊಡ್ಡ ಮಾತಾಗಲಿಲ್ಲ.

ಆದ್ದರಿಂದ ‘ಯಾವುದು ಒಳ್ಳೆಯ ಪಥ್ಯ’ ಎಂಬ ವಾದ ಅಲ್ಲಿಗೆ ಮುಗಿಯಿತು. ಉಳಿದದ್ದು ‘ಯಾವುದು ಕೈಯಲ್ಲಿ ನಿಲ್ಲುತ್ತದೆ’ ಎಂಬುದು. ಅದು ನಿಲ್ಲದೆ ಹೋದಾಗ ಜನ ಏನೆನ್ನುತ್ತಾರೆ ನೋಡಿ: ‘ಅವಳಿಗೆ ಬಾಯಿ ಕಟ್ಟೋಕಾಗಲ್ಲ’. ಬಾಯಿ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಮಿನ್ನೆಸೋಟಾದಲ್ಲಿ ನಡೆದ ಒಂದು ಪ್ರಯೋಗ ಸಾಕ್ಷಿ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಹಸಿದ ಯುರೋಪಿಗೆ ಹೇಗೆ ಉಣಿಸಬೇಕೆಂದು ತಿಳಿಯಲು ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಯುವಕರನ್ನು ಆರಿಸಿಕೊಂಡರು. ಅವರೆಲ್ಲ ಯುದ್ಧಕ್ಕೆ ಹೋಗಲೊಲ್ಲದೆ, ಅದರ ಬದಲು ಈ ಸೇವೆಗೆ ಒಪ್ಪಿ ಬಂದವರು. ಆರು ತಿಂಗಳು ಅವರಿಗೆ ದಿನಕ್ಕೆ ಹೆಚ್ಚುಕಡಿಮೆ 1,600 ಕ್ಯಾಲೊರಿ ಊಟ, ಜೊತೆಗೆ ದಿನಾ ನಡಿಗೆ. ಮೈತೂಕದ ಕಾಲು ಭಾಗ ಹೋಯಿತು. ಅದಕ್ಕಿಂತ ಹೆಚ್ಚಾಗಿ ತಲೆಯ ನೆಮ್ಮದಿ ಹೋಯಿತು. ಓದು ಬರಹ ಬಲ್ಲ ಹುಡುಗರು ಅಡುಗೆ ಪುಸ್ತಕಗಳನ್ನು ಎದೆಗವಚಿಕೊಂಡು ಓದತೊಡಗಿದರು, ತಟ್ಟೆ ನೆಕ್ಕಿದರು, ಸಿಟ್ಟಾದರು, ಮಂಕಾದರು. ಮತ್ತೆ ಹೊಟ್ಟೆ ತುಂಬ ಊಟ ಸಿಕ್ಕಾಗ ಎಷ್ಟು ತಿಂದರೂ ತೃಪ್ತಿ ಹುಟ್ಟಲಿಲ್ಲ. ಅವರಿಗೆ ಕೊಟ್ಟದ್ದು 1,600. ನಮ್ಮಲ್ಲಿ ಹೆಂಗಸರ ಕೈಗೆ ಇವತ್ತಿಗೂ ಕೊಡುವ ಚೀಟಿಯಲ್ಲಿ ಬರೆದಿರುವುದು ಅದೇ ಪೀಟರ್ಸಮ್ಮನ 1,200. ಗಂಡಸರಿಗಿಂತ ಹೆಂಗಸರಿಗೆ ಕಡಿಮೆ ಸಾಕು, ಸರಿಯೇ. ಆದರೆ ಆ ಚೀಟಿ ಹಿಡಿದು ನಾಲ್ಕು ಜನರ ತಿಂಡಿ ಊಟ ಮಾಡಿ ಬಡಿಸುವವಳಿಗೆ ಮೂರನೆಯ ವಾರ ಸಿಟ್ಟು ಬಂದರೆ ಅದಕ್ಕೆ ಸ್ವಭಾವ ದೋಷ ಎಂದು ಹೆಸರಿಡುವುದು ಅನ್ಯಾಯ.

ಇಳಿದ ಮೇಲಾದರೂ ಮೈ ಸುಮ್ಮನಿರುತ್ತದೆಯೆ? ಇಲ್ಲ. ಆಸ್ಟ್ರೇಲಿಯದ ವೈದ್ಯರು 2011ರಲ್ಲಿ ತೋರಿಸಿದ್ದೇನೆಂದರೆ, ತೂಕ ಇಳಿಸಿಕೊಂಡವರಲ್ಲಿ ಹಸಿವು ಕೆರಳಿಸುವ ಘ್ರೆಲಿನ್ ಏರುತ್ತದೆ, ಸಾಕು ಎನ್ನುವ ಲೆಪ್ಟಿನ್ ತಗ್ಗುತ್ತದೆ, ವರ್ಷ ಕಳೆದರೂ ಅವು ಮೊದಲಿನ ಮಟ್ಟಕ್ಕೆ ಮರಳುವುದಿಲ್ಲ. ನಾವು ಕಳೆದುಕೊಂಡ ಕೊಬ್ಬನ್ನು ಮೈ ಬಾಕಿ ಸಾಲವೆಂದು ಬರೆದಿಟ್ಟುಕೊಂಡು ದಿನಾ ಬಾಗಿಲಿಗೆ ಬಂದು ಕೇಳುತ್ತದೆ. ಈಗ ಬಂದಿರುವ ಇಂಜೆಕ್ಷನ್ನುಗಳ ಮಾತೂ ಇಷ್ಟೆ. ಸೆಮಾಗ್ಲುಟೈಡ್ ತೆಗೆದುಕೊಂಡವರು ಒಂದೂಕಾಲು ವರ್ಷದಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಸಿಕೊಂಡರು. ನಿಲ್ಲಿಸಿದವರಿಗೆ ವರ್ಷದೊಳಗೆ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿ ಬಂತು. ಕಾಯಿಲೆಯ ಅಂಚಿನಲ್ಲಿರುವವರಿಗೆ ಅದು ವರವೇ ಇರಬಹುದು, ಅದನ್ನು ಡಾಕ್ಟರು ಹೇಳಬೇಕು. ಆದರೆ ಸೂಜಿಯಾದರೂ ಸೊಪ್ಪಾದರೂ ಬಿಟ್ಟ ದಿನ ಫಲವೂ ಬಿಡುತ್ತದೆ.

‘ಇಷ್ಟೆಲ್ಲ ತಾಪತ್ರಯ ಯಾಕೆ, ಇದ್ದ ಹಾಗೆ ಇರೋಣ’ ಎನ್ನುವವರ ಪಕ್ಷಕ್ಕೆ ಸೇರಲು ನನಗೂ ಆಸೆಯಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ನಿಕ್ ಅದಕ್ಕೆ ಕಲ್ಲು ಹಾಕಿದ್ದಾರೆ. ಅವರೂ ಲಂಡನ್ನಿನ ಗೆಳೆಯ ಜಾನ್ ಯುಡ್ಕಿನ್ ಅವರೂ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿಸಿದರು. ಎತ್ತರಕ್ಕೆ ತೂಕದ ಅಳತೆಯಾದ ಬಿ.ಎಂ.ಐ. ಇಬ್ಬರದೂ 22.3. ನೋಡಲು ಇಬ್ಬರೂ ತೆಳ್ಳಗೆ. ಮೈಯೊಳಗಿನ ಕೊಬ್ಬು ಮಾತ್ರ ಇಂಗ್ಲಿಷಿನವರದು ಶೇ. 9.1, ನಮ್ಮವರದು ಶೇ. 21.2. ಅಂದರೆ ಕಡ್ಡಿಯಂತೆ ಕಾಣುವ ಭಾರತೀಯನ ಹೊಟ್ಟೆಯೊಳಗೂ ಉಗ್ರಾಣ ತುಂಬಿರಬಹುದು. ಅದಕ್ಕೇ ನಮ್ಮಲ್ಲಿ ಬಿ.ಎಂ.ಐ. 23 ದಾಟಿದರೆ ಹುಷಾರು ಎನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80ರ ಒಳಗಿರಲಿ ಎನ್ನುತ್ತಾರೆ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿ. ಇದ್ದ ಹಾಗೆ ಇರೋಣ ಎಂದರೂ ಇದ್ದ ಹಾಗೆ ಇರಲು ಬಿಡದ ಅಂಕೆ ಇದು.

ಇಲ್ಲಿ ನಮ್ಮ ಅತ್ತೆಯವರನ್ನು ಕರೆತರುತ್ತೇನೆ. ಡಯಟ್ ಎಂಬ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಶನಿವಾರ ಒಪ್ಪತ್ತು: ಮಧ್ಯಾಹ್ನ ಊಟ, ರಾತ್ರಿ ಒಂದು ಲೋಟ ಮಜ್ಜಿಗೆ, ಇದ್ದರೆ ಒಂದು ಹಣ್ಣು. ‘ಅತ್ತೆ, ಒಂದು ಚಪಾತಿನಾದ್ರೂ ತಿನ್ನಿ’ ಎಂದರೆ, ‘ಶನಿವಾರ ಅಲ್ವೇನೇ’ ಎನ್ನುತ್ತಾರೆ, ಮಾತು ಮುಗಿಯುತ್ತದೆ. ಅವರಿಗೆ ಮನಸ್ಸನ್ನು ಬಿಗಿಹಿಡಿಯುವ ಶ್ರಮವೇ ಬೀಳಲಿಲ್ಲ, ಪಂಚಾಂಗವೇ ಸಾಕಾಯಿತು. ಅದು ಇಷ್ಟು ವರ್ಷ ನಿಂತದ್ದಕ್ಕೆ ಕಾರಣಗಳನ್ನು ನಾನು ಒಲೆಯ ಮುಂದೆ ನಿಂತೇ ಕಂಡುಕೊಂಡೆ. ವಾರ ಗೊತ್ತಿದೆ, ದಿನಾ ಬೆಳಗ್ಗೆ ಎದ್ದು ತೀರ್ಮಾನ ಮಾಡಬೇಕಾಗಿಲ್ಲ. ಮನೆಯವರಿಗೆಲ್ಲ ಗೊತ್ತಿದೆ, ಯಾರೂ ಬಲವಂತ ಮಾಡುವುದಿಲ್ಲ. ಬೇರೆ ಅಡುಗೆ ಬೇಡ, ಬೇರೆ ಸಾಮಾನು ಬೇಡ. ಭಾನುವಾರ ಬೆಳಗ್ಗೆ ಅದು ಮುಗಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಅಂದು ತಪ್ಪಿಹೋದರೆ ಮುಂದಿನ ಶನಿವಾರ ಬಂದೇ ಬರುತ್ತದೆ. ಎಲ್ಲ ಉಪವಾಸವೂ ಹೀಗಲ್ಲ, ಬಿಡಿ. ಏಕಾದಶಿಯ ದಿನ ಅವಲಕ್ಕಿ, ಸಬ್ಬಕ್ಕಿ, ಗೋಡಂಬಿ ದ್ರಾಕ್ಷಿ, ಮೇಲೊಂದು ಬಾಳೆಹಣ್ಣಿನ ರಸಾಯನ ಎಂದು ಫಲಾಹಾರ ನಡೆಯುವ ಮನೆಗಳಲ್ಲಿ ದ್ವಾದಶಿಯ ಪಾರಣೆಗೆ ಹಸಿವೇ ಇರುವುದಿಲ್ಲ.

ಹಳೆಯ ಗಾದೆಯೊಂದಿದೆ: ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ, ನಾಲ್ಕು ಹೊತ್ತು ಉಂಡವನ ಹೊತ್ಕೊಂಡ್ಹೋಗಿ. ಗಾದೆ ಕಟ್ಟಿದಾತ ಗಂಡಸೇ ಇರಬೇಕು. ಹೊತ್ತು ಎಣಿಸಿದನೇ ಹೊರತು ಹೊತ್ತಿನ ನಡುವೆ ಅಡುಗೆಮನೆಯಲ್ಲಿ ನಡೆಯುವುದು ಅವನಿಗೆ ತಿಳಿಯಲಿಲ್ಲ. ಉಪ್ಪು ಹುಳಿ ಸರಿಯಾಗಿದೆಯೇ ಎಂದು ಒಂದು ಚಮಚ. ದೋಸೆ ಕಾವಲಿಯ ಮೇಲೆ ಹರಿದುಹೋದರೆ ಯಾರಿಗೂ ಬಡಿಸುವಂತಿಲ್ಲ, ಆ ಚೂರು. ಮಗು ಅರ್ಧ ಬಿಟ್ಟೆದ್ದ ಚಪಾತಿ. ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಎರಡೇ ತುತ್ತು ಅನ್ನ. ಎತ್ತಿಡಲು ಕಡಿಮೆ, ಚೆಲ್ಲಲು ಪಾಪ. ಬಳಿದು ತಿಂದರೆ ಪಾತ್ರೆಯೂ ಖಾಲಿ, ಪಾಪವೂ ಇಲ್ಲ. ಈ ಊಟ ಯಾವ ಡಯಟ್ ಚೀಟಿಯಲ್ಲೂ ಬರುವುದಿಲ್ಲ, ಯಾವ ಆ್ಯಪ್‌ನಲ್ಲೂ ಇಲ್ಲ. ಎಷ್ಟೋ ಹೆಂಗಸರು ‘ನಾನು ತಿನ್ನೋದೇ ಇಷ್ಟು, ಆದ್ರೂ ಯಾಕೆ ಹೀಗೆ’ ಎಂದು ಕೇಳುವ ಪ್ರಶ್ನೆಗೆ ಉತ್ತರ ಆ ಎರಡು ತುತ್ತಿನಲ್ಲಿದೆ. ಇದಕ್ಕೆ ಮದ್ದು ಬಾಯಿ ಕಟ್ಟುವುದಲ್ಲ. ಅಕ್ಕಿ ಅಳೆಯುವಾಗ ಅರ್ಧ ಪಾವು ಕಡಿಮೆ ಅಳೆಯುವುದು. ಉಳಿಯದಿದ್ದರೆ ತಿನ್ನುವ ಮಾತೆಲ್ಲಿ?

ಇದರಿಂದ ನನಗೆ ಹೊಳೆದದ್ದು ಇಷ್ಟು: ಪಥ್ಯ ತಟ್ಟೆಯಲ್ಲಿ ಶುರುವಾಗುವುದಿಲ್ಲ, ತಿಂಗಳ ಮೊದಲ ವಾರ ಬರೆಯುವ ದಿನಸಿ ಚೀಟಿಯಲ್ಲಿ ಶುರುವಾಗುತ್ತದೆ. ಹುಳಿಯ ಕ್ಯಾಲೊರಿ ಎಣಿಸಲಾಗದು, ಸರಿ. ಅಂಗಡಿಯಿಂದ ಬಂದ ಎಣ್ಣೆಯನ್ನು ಎಣಿಸಬಹುದಲ್ಲ! ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ಬಂದರೆ ಒಬ್ಬೊಬ್ಬರ ಪಾಲಿಗೆ ದಿನಕ್ಕೆ 25 ಮಿಲಿಲೀಟರ್, ಅಂದರೆ ಇನ್ನೂರು ಕ್ಯಾಲೊರಿ. ನಾಲ್ಕು ಕೆ.ಜಿ. ಸಕ್ಕರೆ ಬಂದರೆ ತಲೆಗೆ ದಿನಕ್ಕೆ 33 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದಿತು. ಅದರಲ್ಲಿ ಬಿಸ್ಕತ್ತು, ಬೇಕರಿ, ಜ್ಯೂಸಿನೊಳಗಿನ ಸಕ್ಕರೆಯೂ ಸೇರಿತು. ಎಣ್ಣೆಯನ್ನು ಎರಡು ಲೀಟರಿಗೂ ಸಕ್ಕರೆಯನ್ನು ಮೂರು ಕೆ.ಜಿ.ಗೂ ತಂದರೆ ಒಬ್ಬೊಬ್ಬರಿಗೆ ದಿನಕ್ಕೆ ನೂರು ಕ್ಯಾಲೊರಿ ಕಡಿಮೆ. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಎನ್ನುತ್ತಾರೆ. ಕಾಗದದ ಮೇಲೆ ಇದು ವರ್ಷಕ್ಕೆ ನಾಲ್ಕೂಮುಕ್ಕಾಲು ಕೆ.ಜಿ. ಮೈ ಕಾಗದದ ಲೆಕ್ಕಕ್ಕೆ ಪೂರ್ತಿ ಬಗ್ಗದು, ಹಗುರವಾದಷ್ಟೂ ಖರ್ಚು ಕಡಿಮೆ ಮಾಡುತ್ತದೆ. ಹೋಗಲಿ, ಅರ್ಧವೇ ಆಗಲಿ. ಇದಕ್ಕೆ ಯಾರೂ ಹಸಿದುಕೊಂಡಿರಬೇಕಾಗಿಲ್ಲ, ಯಾರಿಗೂ ಹೇಳಬೇಕಾಗಿಯೂ ಇಲ್ಲ. ನಮ್ಮ ಮನೆಯವರಿಗೆ ಎಣ್ಣೆ ಇಳಿದದ್ದು ಗೊತ್ತೇ ಆಗಲಿಲ್ಲ. ಸಕ್ಕರೆ ಇಳಿದದ್ದು ಗೊತ್ತಾಗಿ ಒಂದೆರಡು ದಿನ, ‘ಏನೇ, ಕಾಫಿ ಒಂಥರಾ ಇದೆ’ ಎಂದರು. ‘ಹಾಲು ಹಾಗಿದೆ’ ಎಂದೆ.

ಇನ್ನು ಎಲೆಯ ವಿಚಾರ. ಬಾಳೆಲೆಯ ಮೇಲಂಚಿನಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳು ಚೂರುಚೂರು. ನಡುವೆ ಅನ್ನದ ಗುಡ್ಡ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ತಟ್ಟೆಯ ಅರ್ಧ ತರಕಾರಿ, ಹಣ್ಣುಗಳಿರಲಿ ಎನ್ನುತ್ತಾರೆ. ಅದಕ್ಕೆ ಆಲಿವ್ ಎಣ್ಣೆ, ಬ್ರೊಕೊಲಿ, ಕೀನ್ವಾ ಎಂದು ಪರದೇಶಕ್ಕೆ ಹೋಗಬೇಕಾಗಿಲ್ಲ. ಮೇಲಂಚಿನವರನ್ನು ಕೆಳಗಿಳಿಸಿ, ಗುಡ್ಡವನ್ನು ದಿಬ್ಬ ಮಾಡಿದರೆ ಮುಗಿಯಿತು. ಹೆಸರುಬೇಳೆ ಕೋಸಂಬರಿ ಒಂದು ಬಟ್ಟಲು ಮೊದಲೇ ತಿಂದು ಕೂತರೆ ಅನ್ನದ ಕಡೆ ಕೈ ತಾನಾಗಿ ನಿಧಾನವಾಗುತ್ತದೆ. ಹುರುಳಿಕಾಳಿನ ಸಾರು, ಮೊಳಕೆ ಕಾಳಿನ ಹುಳಿ, ದಂಟಿನ ಸೊಪ್ಪಿನ ಬಸ್ಸಾರು, ಹಬೆಯಲ್ಲಿ ಬೇಯುವ ನುಚ್ಚಿನುಂಡೆ, ಇವೆಲ್ಲ ಹೊಟ್ಟೆ ಹಿಡಿದು ನಿಲ್ಲುವಂಥವು. ಇಷ್ಟಿದ್ದೂ ನಮ್ಮ ಜನ ಮೊಸರನ್ನವಿಲ್ಲದೆ ಏಳುವುದಿಲ್ಲ. ಏಳಬೇಡಿ. ನಾನೂ ಏಳುವುದಿಲ್ಲ. ಹುಳಿಯನ್ನದಲ್ಲಿ ಒಂದು ಹಿಡಿ ಬಿಟ್ಟು ಮೊಸರನ್ನಕ್ಕೆ ಜಾಗ ಮಾಡಿಕೊಳ್ಳಿ.

ಎದುರು ಮನೆ ಮೇಷ್ಟ್ರಿಗೆ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ವಿಶ್ವಸಂಸ್ಥೆ ಸಾರಿದ ಮೇಲೆ ಅವರನ್ನು ಹಿಡಿಯುವವರೇ ಇಲ್ಲವಾಯಿತು. ರಾಗಿ ತಿಂದರೆ ತೂಕ ಇಳಿಯುತ್ತದೆ ಎಂದು ಎರಡು ಮುದ್ದೆ ಇಳಿಸುತ್ತಾರೆ. ನೂರು ಗ್ರಾಂ ಅಕ್ಕಿಯಲ್ಲಿ 350ರ ಆಸುಪಾಸು ಕ್ಯಾಲೊರಿಯಿದ್ದರೆ ರಾಗಿಯಲ್ಲಿ 320ರ ಆಸುಪಾಸು. ಕ್ಯಾಲ್ಸಿಯಂ ಮಾತ್ರ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮಿನ ಹತ್ತಿರ, ರಾಗಿಯಲ್ಲಿ ಮುನ್ನೂರೈವತ್ತರ ಹತ್ತಿರ, ನಾರೂ ಹೆಚ್ಚು. ಮೂಳೆಗೆ, ಹೊಟ್ಟೆಗೆ ರಾಗಿ ಬಂಗಾರ. ಆದರೆ ಎರಡು ಮುದ್ದೆ ಎರಡು ಮುದ್ದೆಯೇ. ಹೊಲದಲ್ಲಿ ಗೇಯುವವನು ಉಂಡ ಮುದ್ದೆ ಹೊಲದಲ್ಲಿ ಕರಗುತ್ತಿತ್ತು. ಮೇಷ್ಟ್ರು ಉಂಡದ್ದು ಆರಾಮ ಕುರ್ಚಿಯಲ್ಲಿ ಕರಗಬೇಕು. ಸಿರಿಧಾನ್ಯದ ಬಿಸ್ಕತ್ತು, ಸಿರಿಧಾನ್ಯದ ಲಾಡು ಎಂದು ಪೊಟ್ಟಣ ತಂದರೆ ಅದರೊಳಗಿನ ಬೆಲ್ಲ ತುಪ್ಪಕ್ಕೆ ಸಿರಿಯೂ ಗೊತ್ತಿಲ್ಲ, ಧಾನ್ಯವೂ ಗೊತ್ತಿಲ್ಲ.

ನಡಿಗೆಯ ಮಾತನ್ನೂ ಮುಗಿಸಿಬಿಡುತ್ತೇನೆ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಒಂದು ಸುತ್ತು ಚುರುಕಾಗಿ ಹಾಕಿದರೆ ಇನ್ನೂರು ಚಿಲ್ಲರೆ ಕ್ಯಾಲೊರಿ ಹೋದೀತು. ಅದನ್ನು ಮರಳಿ ತರಲು ಬೆಣ್ಣೆ ಹಾಕಿದ ಒಂದು ದೋಸೆ ಧಾರಾಳವಾಯಿತು. ಹಾಗೆಂದು ನಡಿಗೆ ವ್ಯರ್ಥವಲ್ಲ. ಅಮೆರಿಕದಲ್ಲಿ 1994ರಲ್ಲಿ ಒಂದು ದಾಖಲೆ ಇಡಲು ಶುರುಮಾಡಿದರು: 30 ಪೌಂಡ್, ಅಂದರೆ ಹದಿಮೂರೂವರೆ ಕೆ.ಜಿ.ಗೂ ಹೆಚ್ಚು ಇಳಿಸಿ, ವರ್ಷಕ್ಕೂ ಮೇಲ್ಪಟ್ಟು ಅದನ್ನು ಉಳಿಸಿಕೊಂಡವರ ಪಟ್ಟಿ. ಅವರು ಇಳಿಸಿದ ದಾರಿ ಒಬ್ಬೊಬ್ಬರದು ಒಂದೊಂದು. ಉಳಿಸಿಕೊಂಡ ದಾರಿಯಲ್ಲಿ ಮಾತ್ರ ಹೋಲಿಕೆ ಕಾಣುತ್ತದೆ. ಬಹುಮಂದಿ ಬೆಳಗಿನ ತಿಂಡಿ ಬಿಡುವುದಿಲ್ಲ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ದಿನಕ್ಕೆ ಒಂದು ಗಂಟೆಯಷ್ಟು ನಡೆದಾಡುತ್ತಾರೆ. ಇನ್ನೊಂದು ಸಂಗತಿ ಒಲೆಯ ಕಡೆಯವಳಾದ ನನಗೆ ಬಹಳ ಹಿಡಿಸಿತು: ವಾರದ ದಿನಕ್ಕೂ ರಜೆಯ ದಿನಕ್ಕೂ ಅವರ ಊಟದಲ್ಲಿ ಬಹಳ ಅಂತರವಿರುವುದಿಲ್ಲ. ಸೋಮವಾರದಿಂದ ಶುಕ್ರವಾರದ ತನಕ ಸನ್ಯಾಸ, ಶನಿವಾರ ಭಾನುವಾರ ಸಂಸಾರ ಎಂಬ ಪದ್ಧತಿ ಅವರಲ್ಲಿ ಕಡಿಮೆ.

ನಮಗೆ ಈ ಕೊನೆಯದೇ ಕಷ್ಟ. ನಮ್ಮ ಪಂಚಾಂಗದಲ್ಲಿ ಬರೀ ದಿನಗಳು ಎಷ್ಟಿವೆ? ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಬೇಕು, ಬೀರಿದವರ ಮನೆಯಿಂದ ಬಂದದ್ದನ್ನು ತಿನ್ನಬೇಕು. ಯುಗಾದಿಗೆ ಒಬ್ಬಟ್ಟು, ಮರುದಿನ ಒಬ್ಬಟ್ಟಿನ ಸಾರು. ಅದಕ್ಕೇ ನಾನು ಲೆಕ್ಕವನ್ನು ಹಿಂದುಮುಂದು ಮಾಡಿಕೊಂಡೆ. ಬಿಡಬೇಕಾದದ್ದನ್ನು ಮೊದಲು ಬರೆಯಲಿಲ್ಲ. ಬಿಡಲಾಗದ್ದನ್ನು ಬರೆದೆ: ಬೆಳಗಿನ ಒಂದು ಲೋಟ ಕಾಫಿ, ಊಟದ ಕೊನೆಯ ಮೊಸರನ್ನ, ಹಬ್ಬದ ಹೊತ್ತಿನ ಸಿಹಿ. ಇವಕ್ಕೆ ಕೈ ಹಚ್ಚುವ ಮಾತೇ ಇಲ್ಲ. ಉಳಿದುದರಲ್ಲಿ ಹುಡುಕಿದರೆ ಬಿಡಲು ಎಷ್ಟೊಂದು ಸಿಕ್ಕಿತು! ಸಂಜೆಯ ಕಾಫಿಯ ಜೊತೆಗಿನ ಬಿಸ್ಕತ್ತು ಯಾರಿಗೆ ಬೇಕಿತ್ತು? ಟೀವಿ ಮುಂದಿನ ಕುರುಕಲಿನ ರುಚಿ ಯಾರಿಗೆ ನೆನಪಿದೆ? ಹಬ್ಬದ ಒಬ್ಬಟ್ಟು ಹಬ್ಬದ ದಿನ ತಿಂದರೆ ಹಬ್ಬ. ಹೆಚ್ಚು ಮಾಡಿ ಡಬ್ಬಿ ತುಂಬಿಟ್ಟು ವಾರವಿಡೀ ತಿಂದರೆ ಅದು ಬರೀ ಒಬ್ಬಟ್ಟು. ಈಗ ಹಬ್ಬಕ್ಕೆ ಒಂದು ಹೊತ್ತಿಗಾಗುವಷ್ಟೇ ಹೂರಣ ಅರೆಯುತ್ತೇನೆ. ಹೆಚ್ಚಾದರೆ ಅಂದೇ ಸಂಜೆ ಅಕ್ಕಪಕ್ಕದವರಿಗೆ ಹಂಚುತ್ತೇನೆ, ಮೇಷ್ಟ್ರ ಮನೆಗೆ ಒಂದು ಹೆಚ್ಚಿಗೆ. ತೂಕ ನಿಧಾನವಾಗಿ ಇಳಿಯಿತು, ಎಷ್ಟು ನಿಧಾನವೆಂದರೆ ಯಾರೂ ‘ಏನು ಇಳಿದುಬಿಟ್ಟಿದೀರಿ, ಮೈಯಲ್ಲಿ ಚೆನ್ನಾಗಿಲ್ವಾ?’ ಎಂದು ಕೇಳಲಿಲ್ಲ. ಹಾಗೆ ಕೇಳದೆ ಇದ್ದುದರಿಂದಲೇ ಏನೋ, ಅದು ಮರಳಿ ಏರಲೂ ಇಲ್ಲ.

ನನ್ನ ಪಟ್ಟಿ ನಿಮಗೆ ಹೊಂದಬೇಕೆಂದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಜೋಳದ ರೊಟ್ಟಿಯ ಸೀಮೆಯವರಿಗೆ ಮೊಸರನ್ನ ದೊಡ್ಡದಲ್ಲ, ಕರಾವಳಿಯವರು ಮೀನು ಬಿಡಲಾರರು. ಯಾರಾದರೂ ಹೊಸ ಪಥ್ಯ ಹಿಡಿದು ಬಂದಾಗ ತಿಂಗಳಿಗೆ ಎಷ್ಟು ಇಳಿಯುತ್ತದೆಂದು ಕೇಳಬೇಡಿ. ಯುಗಾದಿಯ ದಿನ ಏನು ಮಾಡಬೇಕು, ನೆಂಟರು ಬಂದು ವಾರ ಕೂತರೆ ಏನು ಮಾಡಬೇಕು, ಮಗಳ ಬಾಣಂತನದಲ್ಲಿ ನಿದ್ದೆಗೆಟ್ಟು ಅಡುಗೆ ಮಾಡುವಾಗ ಏನು ಮಾಡಬೇಕು, ಒಂದು ದಿನ ತಪ್ಪಿದರೆ ಮರುದಿನ ಏನು ಮಾಡಬೇಕು ಎಂದು ಕೇಳಿ. ಇದಕ್ಕೆಲ್ಲ ಉತ್ತರವಿರುವ ಪಥ್ಯ ಎಷ್ಟೇ ಸಪ್ಪೆಯಾಗಿ ಕಂಡರೂ ಹಿಡಿದುಕೊಳ್ಳಿ. ಉತ್ತರವಿಲ್ಲದ್ದನ್ನು, ಎಂಥ ಫೋಟೋ ತೋರಿಸಿದರೂ, ನಮಸ್ಕಾರ ಹೇಳಿ ಬಾಗಿಲಿನಿಂದಲೇ ಕಳಿಸಿಬಿಡಿ.